ಮಾಸ್ತರ ಗಾಡಿಯ ಸೀಟು

ಗಂಗಾವತಿಯಾಗ ಇಪ್ಪತ್ತು ವರ್ಷದಿಂದ ಬೈಕ್ ರಿಪೇರಿ ಮಾಡ್ತೀನ್ರಿ. ದೆವ್ವ ಅಂತ ಬಂದವರಿಗೆ ಬೈದು ಕಳಸೂ ಮನಷಾ ನಾನು.

ಸಾವಾದ ಗಾಡಿ ಬಿಚ್ಚೂ ಮುಂಚೆ ನಿಂಬಿಹಣ್ಣು ಇಳಸಬೇಕು, ಸೀಟು ಸುಟ್ಟ ಹಾಕಬೇಕು ಅಂತ ನಮ್ಮ ಉಸ್ತಾದ ಕಲಿಸಿದ್ದ. ಈ ಬ್ಯಾಸಗ್ಯಾಗ ಅಂಥಾ ಒಂದು ಗಾಡಿ ಬಂತು. ಹಿಂದ ಕುಂತಾಕಿ ಸತ್ತಿದ್ಲು. ಸೀಟು ಛಲೋ ಐತಲ್ಲಾ ಅಂತ ಹೊಸಾ ರೆಕ್ಸಿನ್ ಹೊಲಿಸಿ ಸೀಟು ಹರದೈತಿ ಅಂತ ಬಂದಿದ್ದ ಈಶಪ್ಪ ಮಾಸ್ತರ ಗಾಡಿಗೆ ಹಾಕಿದೆ. ಅವರಿಗೆ ಹೇಳಲಿಲ್ಲ.

ನಾಕು ದಿನಕ್ಕ ಮಾಸ್ತರ ವಾಪಸ್ ಬಂದ್ರು. "ಒಬ್ಬನ ಹೊಂಟ್ರೂ ಡಬಲ್ ಹೊಂಟಂಗ ಜಗ್ಗತೈತಿ, ನೋಡಪಾ" ಅಂದ್ರು.

ಸುಡು ಮಧ್ಯಾಹ್ನದಾಗ ಹೇಮಗುಡ್ಡದ ರಸ್ತೆಗೆ ಟ್ರಯಲ್ ನೋಡಾಕ ಒಯ್ದೆ. ಮೊದಲ್ನೇ ತಿರುವಿನಾಗ ಗಾಡಿ ಎಡಕ್ಕ ವಾಲಿಸಿದ್ರ ಹಿಂದಿನ ಭಾರ ಬಲಕ್ಕ ಜಗ್ಗಿತು. ಅಂಜಿದವರು ಹಿಂದ ಕುಂತ್ರ ಹಂಗ ಜಗ್ಗತಾರ. ಎದಿ ಬೆವತು ಅಂಗಿ ಅಂಟಿತ್ತು, ಬೆನ್ನು ಮಾತ್ರ ಹಸಿ ಅರವಿ ಇಟ್ಟಂಗ ತಣ್ಣಗಿತ್ತು. ಗಾಡಿ ಡಬಲ್ ಸ್ಟ್ಯಾಂಡಿಗೆ ಹಾಕಿ ದೂರ ಸರದು ನಿಂತೆ. ಹಿಂದ ಯಾರೋ ಹತ್ತಿ ಕುಂತಂಗ, ಮುಂದಿನ ಗಾಲಿ ಸಾವಕಾಶ ನೆಲಾ ಬಿಟ್ಟು ಎದ್ದಿತು.

ಆವತ್ತ ಆ ಸೀಟು ಸುಟ್ಟು, ಹೊಸಾದು ತಂದು ಹಾಕಿಕೊಟ್ಟೆ.

ಮೊನ್ನೆ ಸಂತ್ಯಾಗ ಮಾಸ್ತರ ಹೆಂಡ್ತಿ ಶೇಖರಮ್ಮ ಸಿಕ್ಕಿದ್ರು.

"ಹೊಸಾ ಸೀಟು ಭಾಳ ಉದ್ದಾತು ತಮ್ಮಾ. ಹಿಂದ ಕುಂತ್ರ ನಮ್ಮವರ ಹೆಗಲು ಕೈಗೆ ನಿಲುಕವಲ್ದು."

ಎರಡೂ ಸೀಟು ಒಂದ ಅಳತಿ ಇದ್ವುರಿ. ಹಳೇದು ಸುಡೂ ಮುಂಚೆ, ಹೊಸಾದು ಹಾಕೂ ಮುಂಚೆ ನಾನ ಟೇಪ್ ಹಿಡದು ನೋಡಿದ್ದೆ.