ಕತ್ತಿಕೋಲಿನ ಮುರಿದ ತುದಿ

2006ರ ಜನವರಿ 17, ಮಂಗಳವಾರ. ಬೆಳಿಗ್ಗೆ ಕೊಪ್ಪ ಠಾಣೆಗೆ ಬಂದ ಧರ್ಮೇಶ್ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳತೊಡಗಿದ. ಅವನು ಬಸರೀಕಟ್ಟೆ ಕಡೆಯ ಕಾಫಿ ತೋಟದವನು. ಜಗಲಿಯ ಗೋಡೆಗೆ ತೂಗುಹಾಕಿದ್ದ ಅಜ್ಜನ ಕಾಲದ ಕತ್ತಿಕೋಲು ಕಾಣೆಯಾಗಿತ್ತು. ನೋಡುವವರಿಗೆ ಅದು ಬೆಳ್ಳಿ ಹಿಡಿಯ ಊರುಗೋಲು. ಹಿಡಿ ತಿರುಗಿಸಿ ಎಳೆದರೆ ಒಳಗಿನಿಂದ ಎರಡಡಿ ಉದ್ದದ ಅಲಗು ಹೊರಬರುತ್ತದೆ.

"ಯಾವಾಗ ಹೋಯ್ತು?" ಪಿಎಸ್‌ಐ ಪ್ರಸನ್ನಕುಮಾರ್ ಕೇಳಿದರು.

"ಭಾನುವಾರ ಇತ್ತು ಸಾರ್. ನಿನ್ನೆ ಬೆಳಿಗ್ಗೆ ಇಲ್ಲ."

"ನಿನ್ನೆನೇ ಯಾಕೆ ಬರ್ಲಿಲ್ಲ?"

"ಅಪ್ಪಯ್ಯ ಬೇಡ ಅಂದ್ರು. ಹೋದ್ರೆ ಹೋಗ್ಲಿ ಬಿಡು ಮಾರಾಯ, ಒಂದು ಕೋಲಿಗೆ ಸ್ಟೇಷನ್ ಮೆಟ್ಟಿಲು ಹತ್ತದು ಎಂತಕ್ಕೆ ಅಂತ. ನಂಗೆ ಮನಸ್ಸು ಕೇಳ್ಲಿಲ್ಲ. ಶುಕ್ರವಾರ ಕೋಲು ತಗಳಕ್ಕೆ ಬೆಂಗಳೂರಿಂದ ಗಿರಾಕಿ ಬರ್ತಾರೆ."

"ಯಾರ ಮೇಲಾದ್ರೂ ಅನುಮಾನ?"

"ಎನ್.ಆರ್. ಪುರದ ಮರುಳಸಿದ್ದಪ್ಪ. ಹಳೇ ಸಾಮಾನಿನ ವ್ಯಾಪಾರಿ. ಭಾನುವಾರ ಬೆಲೆ ಕಟ್ಟಕ್ಕೆ ಬಂದಿದ್ದ. ಕೋಲನ್ನ ಕೆಳಗಿಡಕ್ಕೇ ಮನಸ್ಸಿರ್ಲಿಲ್ಲ ಅವನಿಗೆ."

ಮನೆಯಲ್ಲಿ ನಡೆದ ಕಳವೆಂದು ಎಫ್‌ಐಆರ್ ದಾಖಲಾಯಿತು. ಬರೆದದ್ದನ್ನು ಎರಡು ಸಲ ಓದದೆ ಸಹಿ ಹಾಕುವ ಜಾಯಮಾನ ಪ್ರಸನ್ನಕುಮಾರ್ ಅವರದಲ್ಲ. 'ಹೋದ್ರೆ ಹೋಗ್ಲಿ' ಎಂಬ ಆ ಮಾತು ದೂರಿನಲ್ಲಿ ಇರಲಿಲ್ಲ. ಬರೆಸಬೇಕಿತ್ತೇನೋ ಎಂಬ ಕಸಿವಿಸಿ ಜೀಪು ಹತ್ತಿದ ಮೇಲೂ ಹೋಗಲಿಲ್ಲ.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ, ಹೆಂಚು ಸರಿದಿರಲಿಲ್ಲ. ಕೋಲು ತೂಗುತ್ತಿದ್ದ ಜಾಗದಲ್ಲಿ ಗೋಡೆಯ ಮೇಲೆ ಬಿಳಿಯ ಗೆರೆಯೊಂದು ಉಳಿದಿತ್ತು. ಧರ್ಮೇಶನ ಅಪ್ಪ ವಾಸಪ್ಪ, ಎಪ್ಪತ್ತನಾಲ್ಕು ವರ್ಷದವರು, ಗೋಡೆ ಹಿಡಿದುಕೊಂಡು ಬಂದು ಆರಾಮಕುರ್ಚಿಯಲ್ಲಿ ಕುಸಿದರು.

"ಮಂಡಿ ನೋವಾ ಯಜಮಾನ್ರೇ? ಊರುಗೋಲು ಹಿಡೀಬಾರ್ದಾ?"

"ಕೋಲು ನಂಗೆ ಆಗಿ ಬರಲ್ಲ."

"ಮನೇಲಿ ಬೇರೆ ಯಾರಿದಾರೆ?"

"ನನ್ನ ತಂಗಿ ಸುಲೋಚನ. ಗಂಡ ಸತ್ತ ಮೇಲೆ ಇಲ್ಲೇ ಇದಾಳೆ. ನಿನ್ನೆ ಶೃಂಗೇರಿಗೆ ಹೋದ್ಲು. ಅವಳಿಗೂ ಇದಕ್ಕೂ ಎಂತ ಸಂಬಂಧ ಇಲ್ಲ."

ಸಂಬಂಧ ಇದೆಯೆಂದು ಯಾರೂ ಹೇಳಿರಲಿಲ್ಲ.

ಸಂಜೆಯೊಳಗೆ ಪ್ರಸನ್ನಕುಮಾರ್ ಎನ್.ಆರ್. ಪುರ ತಲುಪಿದರು. ಮರುಳಸಿದ್ದಪ್ಪನ ಅಂಗಡಿಯ ಮೂಲೆಯಲ್ಲಿ, ತಾಮ್ರದ ಹಂಡೆಯೊಂದರಲ್ಲಿ, ಹತ್ತಾರು ಕೋಲುಗಳು ಕೊಡೆಗಳಂತೆ ನಿಂತಿದ್ದವು. ನಾಯಿ ತಲೆಯ ಹಿಡಿ, ದಂತದ ಹಿಡಿ, ಬರೀ ಗಂಟಿನ ಹಿಡಿ.

"ಕದಿಯೋನು ನಿಜವಾದ ಬೆಲೆ ಹೇಳ್ತಾನಾ ಸಾರ್?" ಮರುಳಸಿದ್ದಪ್ಪ ಎದೆ ಮುಟ್ಟಿಕೊಂಡ. "ಕದಿಯೋ ಬುದ್ಧಿ ಇದ್ದಿದ್ರೆ, ತಗಡು ಇದು, ಬಚ್ಚಲ ಒಲೆಗೆ ಹಾಕಿ ಅಂತಿದ್ದೆ."

"ಇವುಗಳ ಒಳಗೆಲ್ಲ ಕತ್ತಿ ಇದ್ಯಾ? ಲೈಸೆನ್ಸ್ ಎಲ್ಲಿ?"

ಅವನ ನಗೆ ಇಳಿದುಹೋಯಿತು. "ನೀವು ಕೇಳಿದ್ದಕ್ಕೆಲ್ಲ ಹೇಳ್ತೀನಿ ಸಾರ್. ಕೂತ್ಕೊಳ್ಳಿ."

ಬೆಲೆ ಕಟ್ಟುವಾಗ ಮೊದಲು ಹಿಡಿ, ಆಮೇಲೆ ಕೋಲಿನ ಮರ, ಕೊನೆಗೆ ಅಲಗು ನೋಡುತ್ತೇನೆ ಎಂದ. ವಾಸಪ್ಪನವರ ಕೋಲು ಕರೀ ಬೈನೆ ಮರದ್ದು, ಹಿಡಿ ಅಪ್ಪಟ ಬೆಳ್ಳಿ.

"ಆದ್ರೆ ಅಲಗು ಹೊರಗೇ ಬರ್ಲಿಲ್ಲ. ಎಷ್ಟೋ ವರ್ಷದಿಂದ ಯಾರೂ ಎಳೆದೇ ಇಲ್ಲ. ಸೀಮೆಎಣ್ಣೆ ಬಿಟ್ಟು, ಕಾದು, ಆಮೇಲೆ ಎಳೆದೆ. ನೋಡಿದ್ರೆ ತುದಿ ಇಲ್ಲ ಸಾರ್! ತುದಿ ಇಲ್ಲದ ಕತ್ತಿಕೋಲಿಗೆ ಅರ್ಧ ಬೆಲೆ. ಮುರಿದ ತುಂಡು ಮನೇಲಿದ್ರೆ ಹುಡುಕ್ರಪ್ಪಾ ಅಂದೆ."

"ಆಗ ಯಾರ್ಯಾರಿದ್ರು?"

"ಧರ್ಮೇಶಪ್ಪ. ಮತ್ತೆ ಕಾಫಿ ತಂದ ಆ ಅಮ್ಮ. ಲೋಟ ಇಟ್ಟೋರು ಅಲ್ಲೇ ನಿಂತುಬಿಟ್ರು. ತುಂಡು ಹೇಗಿರ್ತದೆ ಅಂತ ಕೇಳಿದ್ರು. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು, ಮೂರು ಅಂಚಿನದು ಅಂದೆ."

"ಯಜಮಾನ್ರು?"

"ನಾನು ಅಲಗಿಗೆ ಕೈ ಹಾಕಿದಾಗ ಎದ್ದು ಒಳಗೆ ಹೋದೋರು ಮತ್ತೆ ಈಚೆ ಬರ್ಲೇ ಇಲ್ಲ."

ಮರುದಿನ ಮಹಿಳಾ ಪೇದೆ ಮೇಘನಳನ್ನು ಕರೆದುಕೊಂಡು ಪ್ರಸನ್ನಕುಮಾರ್ ಶೃಂಗೇರಿಗೆ ಹೋದರು. ಸುಲೋಚನಮ್ಮ ತುಂಗೆಯ ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಕೆಳಗೆ ಜನ ಮೀನುಗಳಿಗೆ ಮಂಡಕ್ಕಿ ಎಸೆಯುತ್ತಿದ್ದರು.

"ಕೋಲು ನೀವೇ ತಂದ್ರಾ ಅಮ್ಮ?"

"ಹೌದು. ಹೊಳೆಗೆ ಹಾಕಾಣ ಅಂತ ಬಂದೆ. ಕೈ ಬರ್ಲಿಲ್ಲ."

ಸೊಂಟದಿಂದ ಒಂದು ಕುಂಕುಮದ ಭರಣಿ ತೆಗೆದು ಮುಚ್ಚಳ ತಿರುಗಿಸಿದರು. ಒಳಗೆ ಕುಂಕುಮ ಇರಲಿಲ್ಲ. ಹೆಬ್ಬೆರಳ ಗೆಣ್ಣಿನಷ್ಟು ಉದ್ದದ, ಮೂರು ಅಂಚಿನ ಕಬ್ಬಿಣದ ಚೂರೊಂದಿತ್ತು.

"ಸಾರ್, ಕಾಡುಕೋಣಕ್ಕೆ ಕಬ್ಬಿಣದ ಕೊಂಬು ಇರ್ತದಾ?"

ಅವರು ಹೇಳಿದ್ದು ಇಷ್ಟು. ಗಂಡ ಕಳಸಪ್ಪ ಸೀತೂರಿನವರು, ಮನೆ ಅಳಿಯನಾಗಿ ಬಂದವರು. 1978ರಲ್ಲಿ ತೋಟದಂಚಿನಲ್ಲಿ ಸತ್ತು ಬಿದ್ದಿದ್ದರು. ಕಾಡುಕೋಣ ತಿವಿಯಿತೆಂದು ಸುದ್ದಿ ತಂದವರು ವಾಸಪ್ಪ. ಯಾರೂ ಪೊಲೀಸರಿಗೆ ತಿಳಿಸಲಿಲ್ಲ, ಅಂದೇ ಸುಟ್ಟರು. ಮೂಳೆ ಆಯುವ ದಿನ ಸತ್ತವನ ಕಡೆಯವರೇ ಹೋಗಬೇಕು, ಹೆಂಡತಿಯ ಅಣ್ಣತಮ್ಮಂದಿರು ಸುಡುಗಾಡಿಗೆ ಕಾಲಿಡಬಾರದು ಎನ್ನುವುದು ಅವರ ಮನೆಯ ಪದ್ಧತಿ. ಹಾಗಾಗಿ ಸೀತೂರಿನ ಮೈದುನನೂ ಅವನ ಮನೆಯ ಆಳು ಐತನೂ ಆಯ್ದು ತಂದರು. ಇದೇ ಮೆಟ್ಟಿಲಲ್ಲಿ ಮಡಕೆ ಬಿಡುವ ಮೊದಲು ಈ ಚೂರು ಸುಲೋಚನಮ್ಮನ ಕಣ್ಣಿಗೆ ಬಿತ್ತು.

"ಯಾವುದೋ ಮೊಳೆ ಅಂದ್ಕಂಡೆ. ಅವ್ರ ಜೊತೆ ಬೆಂದಿದ್ದಲ್ವಾ, ಬಿಸಾಡಕ್ಕೆ ಆಗ್ಲಿಲ್ಲ. ಕುಂಕುಮ ಇನ್ನೆಂತಕ್ಕೆ ಅಂತ ಭರಣೀಲಿ ಇಟ್ಕಂಡೆ." ಭರಣಿಯ ಮುಚ್ಚಳ ಹಾಕಿದರು. "ಕತ್ತಲಾಗೋ ಹೊತ್ತಲ್ಲಿ ಕಾಡಿನಂಚಿಗೆ ಯಾಕೆ ಹೋದ್ರಿ ಅಂತ ಸತ್ತ ಮೇಲೂ ಬೈದಿದೀನಿ ಅವ್ರನ್ನ. ಇಪ್ಪತ್ತೆಂಟು ವರ್ಷ ಅಣ್ಣಂಗೆ ಅನ್ನ ಬಡಿಸಿದೀನಿ."

ಪಂಚರ ಎದುರು ಕೋಲನ್ನೂ ಚೂರನ್ನೂ ಮಹಜರು ಮಾಡಿ ಮೊಹರು ಹಾಕಿದ್ದಾಯಿತು.

"ಕಳವಿನ ಮಾಲು ಸಿಕ್ತಲ್ಲ ಸಾರ್, ಕೇಸ್ ಮುಗೀತು," ಎಂದಳು ಮೇಘನ, ತಗ್ಗಿದ ದನಿಯಲ್ಲಿ.

ಮುಗಿಸಬಹುದಿತ್ತು. ಹಾಗೆ ಮಾಡಿದರೆ ಕೋರ್ಟಿನ ಮೂಲಕ ಕೋಲು ಧರ್ಮೇಶನ ಕೈಸೇರುತ್ತದೆ, ಅಲ್ಲಿಂದ ಬೆಂಗಳೂರಿನ ಯಾರದೋ ಶೋಕೇಸಿಗೆ. ಚೂರು ಮತ್ತೆ ಭರಣಿಗೆ. ಆದರೆ ತುಕ್ಕು ಹಿಡಿದ ಒಂದು ಚೂರನ್ನು ನಂಬಿ ಮುದುಕರೊಬ್ಬರ ಮೇಲೆ ಕೊಲೆ ಹೊರಿಸುವುದೇ? ತಪ್ಪಾದರೆ? ಪ್ರಸನ್ನಕುಮಾರ್ ಜೀಪಿನಲ್ಲಿ ಕೂತು ಮಹಜರಿನ ಹಾಳೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಜೀಪನ್ನು ಸೀತೂರಿನ ಕಡೆ ತಿರುಗಿಸಲು ಹೇಳಿದರು.

ಮೂಳೆ ಆಯ್ದಿದ್ದ ಐತ ಈಗ ಅಲ್ಲಿ ಮಗಳ ಮನೆಯಲ್ಲಿದ್ದ. ಕಣ್ಣು ಮಂಜಾಗಿತ್ತು.

"ಆ ಕಬ್ಬಿಣ ಬೂದೀಲಿ ಬಿದ್ದಿತ್ತಾ ಐತಣ್ಣ?"

"ಇಲ್ಲ ಒಡೆಯ. ಬೆನ್ನುಮೂಳೇಲಿ ಕಚ್ಕಂಡಿತ್ತು. ಮೂಳೆ ಸಮೇತ ಮಡಕೆಗೆ ಹಾಕ್ದೆ."

"ಯಾರಿಗೂ ಹೇಳ್ಲಿಲ್ವಾ?"

"ಯಾರು ಕೇಳಿದ್ರು? ನೀವೇ ಮೊದ್ಲು ಕೇಳಿದ್ದು."

ಹೇಳಿಕೆ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ಅಲಗು ಮತ್ತು ಚೂರು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. ಸುಲೋಚನಮ್ಮ ಅಣ್ಣನ ಮನೆಗೆ ಮರಳಲಿಲ್ಲ. ಮೈದುನನ ಮನೆಯಲ್ಲಿ ಉಳಿದರು. ಎರಡು ತಿಂಗಳ ನಂತರ ವರದಿ ಬಂತು: ಒಂದೇ ಲೋಹ, ಮುರಿದ ಅಂಚುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಐಪಿಸಿ 302ರಡಿ ಹೊಸ ಪ್ರಕರಣ ದಾಖಲಾಯಿತು. ಮಾರ್ಚ್ 23ರ ಗುರುವಾರ ಪ್ರಸನ್ನಕುಮಾರ್ ಮೇಘನಳೊಂದಿಗೆ ಮತ್ತೆ ಆ ಜಗಲಿ ಹತ್ತಿದರು. ತಮ್ಮ ಟ್ರಂಕು ಒಯ್ಯಲು ಅದೇ ದಿನ ಬಂದಿದ್ದ ಸುಲೋಚನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ದೂರು ವಾಪಸ್ ತಗೋತೀನಿ ಸಾರ್," ಧರ್ಮೇಶ್ ಅಡ್ಡ ಬಂದ. "ಕೋಲು ಬೇಡ, ಎಂತದೂ ಬೇಡ."

"ಕಳವಿನ ಕೇಸಿಗೆ ಬಿ ರಿಪೋರ್ಟ್ ಹಾಕಿ ಮುಗಿಸಿ ಆಯ್ತು. ಅದು ನಿಮ್ಮ ಕೋಲೇ ಅಲ್ಲ. ನಿಮ್ಮಜ್ಜ ಅದನ್ನ ಅಳಿಯ ಕಳಸಪ್ಪನಿಗೆ ಕೊಟ್ಟಿದ್ರು ಅಂತ ಸುಲೋಚನಮ್ಮ ಹೇಳಿಕೆ ಕೊಟ್ಟಿದಾರೆ."

ವಾಸಪ್ಪ ತಲೆಯೆತ್ತಿದರು. "ಹೌದು. ಎಲ್ರ ಎದುರು ಕೊಟ್ರು. ತೋಟ ನಂಗೆ, ಕೋಲು ಅವನಿಗೆ. ನಮ್ಮೂರಲ್ಲಿ ನ್ಯಾಯ ಹೇಳಕ್ಕೆ ಆ ಕೋಲು ಹಿಡಿದೋನೇ ಕೂರದು. ಜನ ಅವನನ್ನ ಗೌಡ್ರೇ ಅಂತಿದ್ರು, ನನ್ನ ವಾಸಪ್ಪ ಅಂತಿದ್ರು. ಆವತ್ತು ತೋಟದಲ್ಲಿ ಕೇಳಿದೆ. ಕೊಡ್ಲಿಲ್ಲ. ಎಳೆದಾಡಿದ್ವಿ. ಹಿಡಿ ತಿರುಗಿ ಅಲಗಿನ ಸಮೇತ ನನ್ನ ಕೈಗೆ ಬಂತು, ಕೋಲು ಅವನ ಕೈಯಲ್ಲೇ ಉಳೀತು."

"ಆಮೇಲೆ?"

"ಆಮೇಲೆ ಅವನು ನಕ್ಕ."

ಪೊಲೀಸರೆದುರು ಆಡಿದ ಈ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಪ್ರಸನ್ನಕುಮಾರ್ ಅವರಿಗೆ ಗೊತ್ತಿತ್ತು. ಆದರೂ ನಡುವೆ ಬಾಯಿ ಹಾಕಲಿಲ್ಲ. ಅಷ್ಟು ಬೇಕೆಂದಿದ್ದ ಕೋಲನ್ನು ಆ ಮನುಷ್ಯ ಇಪ್ಪತ್ತೆಂಟು ವರ್ಷ ಗೋಡೆಗೆ ತೂಗುಹಾಕಿದ್ದರು, ಒಂದು ದಿನವೂ ಕೈಯಲ್ಲಿ ಹಿಡಿದಿರಲಿಲ್ಲ.

ಬಂಧನದ ಪತ್ರಕ್ಕೆ ಸಹಿಯಾಯಿತು. ಜಗಲಿಯ ಮೆಟ್ಟಿಲ ತುದಿಗೆ ಬಂದ ವಾಸಪ್ಪ ಅಲ್ಲಿಗೆ ಗೋಡೆ ಮುಗಿದುದರಿಂದ ನಿಂತುಬಿಟ್ಟರು. ಸುಲೋಚನಮ್ಮ ಸೆರಗಿಗೆ ಕೈ ಒರೆಸಿಕೊಂಡು, ಹಿಂದೆ ದಿನಾ ಮಾಡುತ್ತಿದ್ದಂತೆ, ಎರಡು ಹೆಜ್ಜೆ ಮುಂದೆ ಬಂದರು. ಅಣ್ಣನ ಕೈ ಆಗಲೇ ಅವರ ಕಡೆ ಚಾಚಿತ್ತು. ಅವರು ಕೈ ಕೊಡದೆ ಅಲ್ಲೇ ನಿಂತರು.

ಮೇಘನ ಬಂದು ರಟ್ಟೆ ಹಿಡಿದು ವಾಸಪ್ಪನವರನ್ನು ಕೆಳಗಿಳಿಸಿದಳು.