ಕಂಬಳಿಯ ಮೇಲಿನ ಅರ್ಧ ಭಾಷಣ

ಕುಡಚಿ ಸ್ಟೇಷನ್ನಿನಲ್ಲಿ ಮಿರಜ್ ಕಡೆಯ ಪ್ಯಾಸೆಂಜರ್ ರೈಲಿಗೆ ಕಾಯುತ್ತಿದ್ದೆ. ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಹುಡುಗಿ ಹೇಳಿದಳು: “ಸಂತಿಗೆ ಹೋದ ಸಂತವ್ವ ಸಂಜಿ ಆದ್ರೂ ಬರಲಿಲ್ಲ.”

ನನಗೇ ಹೇಳಿದಳೆಂದುಕೊಂಡೆ. “ಫೋನ್ ಹಚ್ಚಿ ನೋಡಿದ್ರೇನ್ರಿ?” ಎಂದೆ.

ಅವಳು ತಿರುಗಿದಳು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಕಣ್ಣು ಕಿರಿದಾಯಿತು, ಕೊನೆಗೆ ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು ನಗೆ ತಡೆದಳು. ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಕಂಡದ್ದನ್ನು ಕಂಡ ಕ್ರಮದಲ್ಲೇ ನೆನಪಿಡುವುದು ಅಭ್ಯಾಸ.

“ಸಂತವ್ವ ಯಾರೂ ಇಲ್ರಿ. ನಾಲಿಗಿ ತಿದ್ದಾಕತ್ತೇನಿ.”

ಅವಳು ಸಪನಾ. ಅಥಣಿಯ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಚರ್ಚಿಲ್‌ನ ಮೊದಮೊದಲ ರಾಜಕೀಯ ಭಾಷಣಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಸಕಾರ ಅವನ ಬಾಯಲ್ಲಿ ತೊಡರುತ್ತಿತ್ತಂತೆ. ಸಕಾರ ತುಂಬಿದ ವಾಕ್ಯಗಳನ್ನು ನಡೆಯುತ್ತಾ ಹೇಳಿ ತಿದ್ದಿಕೊಳ್ಳುತ್ತಿದ್ದನಂತೆ. ಸಪನಾಳಿಗೂ ಅದೇ ತೊಡಕು. ಸಂತವ್ವನನ್ನು ಅವಳೇ ಕಟ್ಟಿಕೊಂಡಿದ್ದಳು.

ನಮ್ಮ ದೇಶದವರನ್ನು ಕಂಡರಾಗದ ಮನುಷ್ಯನ ಮಾತು ಯಾಕೆ ಬೇಕು ಎಂದು ಕೇಳಿದೆ. ಅವಳ ತಾಯಿ ಸಕ್ಕುಬಾಯಿಯೂ ಅದನ್ನೇ ಕೇಳುತ್ತಾರಂತೆ.

“ಅಂವ ಬ್ಯಾಡ್ರಿ ನನಗ,” ಎಂದಳು. “ಮಾತು ಬರದಾಂವ ಮಾತು ಹೆಂಗ ಕಲ್ತಾ, ಅದು ಬೇಕು.”

ಆಮೇಲೆ ಭಾನುವಾರಗಳು ನಮ್ಮವಾದವು. ಅವಳು ಭಾಷಣಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ನಾನು ವಾಕ್ಯಗಳ ಉದ್ದ ಅಳೆದು ಗ್ರಾಫ್ ಬರೆದುಕೊಡುತ್ತಿದ್ದೆ. ಪೆನ್ಸಿಲ್ ಕೊಡುವಾಗ ಅವಳು ಅದರ ತುದಿಯನ್ನು ಒಂದು ಕ್ಷಣ ಬಿಡುತ್ತಿರಲಿಲ್ಲ. ನಾನು ತಲೆಯೆತ್ತಿದರೆ ಅವಳ ದೃಷ್ಟಿ ಗ್ರಾಫಿನ ಮೇಲಿರುತ್ತಿತ್ತು. ತುಟಿಯ ತುದಿ ಮಾತ್ರ ಸುಳ್ಳು ಹೇಳಲಾರದೆ ಅಲುಗುತ್ತಿತ್ತು.

ಒಂದು ಭಾನುವಾರ ೧೯೦೪ರ ಪ್ರಸಂಗ ಹೇಳಿದಳು. ಚರ್ಚಿಲ್ ಭಾಷಣವನ್ನು ಬಾಯಿಪಾಠ ಮಾಡಿ ಸಂಸತ್ತಿಗೆ ಹೋಗಿದ್ದ. ಮುಕ್ಕಾಲು ಗಂಟೆಯಾದ ಮೇಲೆ ಮಾತಿನ ಎಳೆ ಕಡಿಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಕೇಳಿದ್ದಕ್ಕೆ ವಂದನೆ ಹೇಳಿ ಕುಳಿತುಬಿಟ್ಟ. ಅಂದಿನಿಂದ ಟಿಪ್ಪಣಿ ಇಲ್ಲದೆ ಎದ್ದು ನಿಲ್ಲಲಿಲ್ಲ.

ನಾನು ನಕ್ಕೆ. ಅವಳು ನಗಲಿಲ್ಲ.

ನಮ್ಮದು ಅಲಖನೂರಿನ ಕುರಿ ಸಾಕುವ ಮನೆತನ. ಮನೆಯ ದೊಡ್ಡ ಮಾತುಗಳು ಇವತ್ತಿಗೂ ಕರಿ ಕಂಬಳಿಯ ಮೇಲೆ ತೀರ್ಮಾನವಾಗುತ್ತವೆ. ಯಾರ ವಿಷಯವೋ ಅವರು ಎದ್ದು ನಿಂತು ಒಂದೇ ಸಲ ಮಾತಾಡಬೇಕು. ಕುಳಿತರೆ ಮಾತು ಮುಗಿಯಿತು, ಮತ್ತೆ ಏಳುವಂತಿಲ್ಲ. ಕಂಬಳಿ ಮಡಚಿದ ಮೇಲೆ ಆ ವಿಷಯವನ್ನು ಯಾರೂ ಎತ್ತುವುದಿಲ್ಲ.

ನನ್ನ ಮದುವೆಯ ಮಾತಿಗೆ ಕಂಬಳಿ ಹಾಸುವ ದಿನ ಗೊತ್ತಾಯಿತು. ಸಪನಾಳದು ದಲಿತ ಬೌದ್ಧರ ಮನೆ. ಸೋದರಮಾವ ದಾದಾಸಾಹೇಬ ತನ್ನ ಮಗಳು ಗಂಗಾಳನ್ನು ನನಗೆ ಕೊಡಬೇಕೆಂದು ವರ್ಷಗಳಿಂದ ಕಾದಿದ್ದ. ಆದ್ದರಿಂದ ನಾನು ಭಾಷಣ ಬರೆದೆ. ಮೊದಲ ಭಾಗದಲ್ಲಿ ಹಿರಿಯರ ಋಣ, ‘ನಿಮ್ಮ ಮಾತು ಮೀರಿದವನಲ್ಲ’ ಎಂಬ ವಿನಯ. ಎರಡನೆಯದರಲ್ಲಿ ಸಪನಾಳನ್ನೇ ಮದುವೆಯಾಗುವ ಮಾತು.

ವಿನಯದ ಸಾಲು ತೆಗೆಯಿರಿ ಎಂದಳು. ತೆಗೆಯಲಿಲ್ಲ. ಚೀಟಿಯಾದರೂ ಕಿಸೆಯಲ್ಲಿರಲಿ ಎಂದಳು. ಅಪ್ಪನ ಮುಂದೆ ಚೀಟಿ ಓದುವುದು ನನಗೆ ಅವಮಾನವೆನಿಸಿತು. ನಲವತ್ತೊಂದು ಸಲ ತಪ್ಪಿಲ್ಲದೆ ಒಪ್ಪಿಸಿದ್ದೆ.

ಕಂಬಳಿಯ ಮೇಲೆ ಒಂಬತ್ತು ಜನರಿದ್ದರು. ಮೊದಲ ಭಾಗ ಚೆನ್ನಾಗಿ ಬಂತು. ಅಪ್ಪನ ಕಣ್ಣು ತೇವವಾಯಿತು. ಆ ಕಣ್ಣುಗಳನ್ನು ನೋಡಿದೆ, ಮುಂದಿನ ವಾಕ್ಯ ಇರಲಿಲ್ಲ. ಕುರಿಗಳ ಸದ್ದು ಕೇಳುತ್ತಿತ್ತು. ಯಾರೋ ಕೆಮ್ಮಿದರು. ಕೈ ಮುಗಿದೆ. ಕುಳಿತೆ.

“ಹುಡುಗ ನಮ್ಮ ಮಾನ ಉಳಿಸಿದ,” ಎಂದ ದಾದಾಸಾಹೇಬ. ಗಂಗಾಳ ಹೆಸರು ಹೇಳಿದ. ಅಪ್ಪ ಕಂಬಳಿ ಮಡಚಿದ.

ಮರುದಿನ ಅಥಣಿಗೆ ಹೋದೆ. ಸಪನಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ನಮ್ಮ ಹಿರಿಯರು ಹೆಣ್ಣು ಕೇಳಲು ಬರುತ್ತಾರೆಂದು ತಂದ ಹೊಸ ಕಪ್ಪುಗಳನ್ನು ಒಳಗೆ ಸಕ್ಕುಬಾಯಿ ತೊಳೆಯುತ್ತಿದ್ದರು.

“ಮರತ್ರೋ, ಅಂಜಿದ್ರೋ?”

ಮರೆತೆ ಎನ್ನುವುದು ಸುಲಭವಿತ್ತು. ಆದರೆ ಕುಳಿತ ಮರುಕ್ಷಣವೇ ಮುಂದಿನ ವಾಕ್ಯ ನೆನಪಾಗಿತ್ತು. ಕಂಬಳಿ ಇನ್ನೂ ಹಾಸಿಯೇ ಇತ್ತು; ನಿಯಮ ಮುರಿದು ಏಳಬಹುದಿತ್ತು, ಏಳಲಿಲ್ಲ.

“ಅಂಜಿದೆ,” ಎಂದೆ. “ನೀ ಇಲ್ದ ಹೆಂಗ ಇರಲಿ, ಅದೂ ತಿಳಿವಲ್ದು.”

ಅವಳ ಕಣ್ಣು ನನ್ನ ಮುಖದ ಮೇಲೆ ಮೆಲ್ಲಗೆ ಓಡಾಡಿತು, ಓದಿ ಮುಗಿಸಿದ ಪುಟವನ್ನು ಇನ್ನೊಮ್ಮೆ ನೋಡುವ ಹಾಗೆ. “ಇದನ್ನ ಬಾಯಿಪಾಠ ಮಾಡಿದ್ದಿಲ್ಲ ನೀವು,” ಎಂದಳು. “ನಮ್ಮ ಅಪ್ಪಗ ನೀವ ಹೇಳ್ರಿ.”

ಅವಳ ತಂದೆ ರಾಜಾರಾಮ ನಿವೃತ್ತ ಗುಮಾಸ್ತರು. ಕನ್ನಡಕ ತೆಗೆದು ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ.

“ನಮ್ಮ ಜಾತಿ ಕೇಳಿ ಏನಂದ್ರು ನಿಮ್ಮವರು?”

“ಅಲ್ಲಿತನಕ ಹೋಗಲೇ ಇಲ್ರಿ.”

“ಹಂಗಾರ ಅವರು ಬ್ಯಾಡ ಅಂದಿಲ್ಲ.” ಕನ್ನಡಕ ಮತ್ತೆ ಹಾಕಿಕೊಂಡರು. “ನೀವ ಅಂದಂಗಾತು.”

ಸಕ್ಕುಬಾಯಿ ಆ ಹೊಸ ಕಪ್ಪಿನಲ್ಲೇ ಚಹಾ ಕೊಟ್ಟರು. ಕುಡಿದೆ. ಯಾರೂ ಬೈಯಲಿಲ್ಲ.

ಸಪನಾ ಬಸ್ ಸ್ಟ್ಯಾಂಡಿನವರೆಗೂ ಬಂದಳು. ಪಿಎಚ್‌.ಡಿ.ಯ ಮೌಖಿಕ ಪರೀಕ್ಷೆ, ವೈವಾ, ಮುಂದಿನ ತಿಂಗಳೆಂದಳು. ಗಂಗಾ ಒಳ್ಳೆಯವಳಾ ಎಂದು ಕೇಳಿದಳು; ನನಗೆ ಗೊತ್ತಿರಲಿಲ್ಲ. ಕುಡಚಿಯ ಬಸ್ಸೊಂದು ಬಂತು, ನಾವಿಬ್ಬರೂ ನೋಡದವರಂತೆ ನಿಂತೆವು. ಇನ್ನೊಂದು ಬಂತು. ಅದೂ ಹೋಯಿತು. ಅವಳ ಕೈ ನನ್ನ ಕೈಯ ಪಕ್ಕದಲ್ಲೇ ಇತ್ತು, ಎರಡರ ನಡುವೆ ಒಂದು ಬೆರಳಿನಷ್ಟು ಅಂತರ.

ಮೂರನೆಯದು ಬಂದಾಗ ಅವಳು ನನ್ನ ಕಡೆ ಪೂರ್ತಿ ತಿರುಗಿದಳು. ನೇರವಾಗಿ, ತುಸು ಹೆಚ್ಚೇ ಹೊತ್ತು ನೋಡಿದಳು. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳು. ಅದು ನನಗೆ ತಿಳಿದಿತ್ತು.

“ಹತ್ರಿ,” ಎಂದಳು.

ಹತ್ತಿದೆ.