ಕ್ರಿಸ್ಪಿನ್‌ನ ಬಲಗೈ

ಸೂಜಿ ಚರ್ಮದೊಳಗೆ ಇಳಿದದ್ದೇ ತಡ, ಕ್ರಿಸ್ಪಿನ್ ಚೀರಿದ.

"ಅಯ್ಯೋ! ಕರೆಂಟ್ ಹೊಡ್ದಂಗಾಯ್ತು! ಹೆಬ್ಬೆರಳಿನ ತನಕ!"

ನಿಮಿಯಾ ತಡಮಾಡಲಿಲ್ಲ. ತೋಳಿನ ಪಟ್ಟಿ ಬಿಚ್ಚಿ, ಸೂಜಿ ಹೊರತೆಗೆದು, ಹತ್ತಿ ಒತ್ತಿ ಹಿಡಿದಳು. ಎನ್ಕಾರ್ನಸಿಯೋನ್ ಪಟ್ಟಣದ ಆ ಪುಟ್ಟ ಲ್ಯಾಬಿನಲ್ಲಿ ಆರು ವರ್ಷದಿಂದ ರಕ್ತ ತೆಗೆಯುತ್ತಿದ್ದವಳಿಗೆ ಆ ಚೀರಾಟದ ಅರ್ಥ ಗೊತ್ತಿತ್ತು. ಸೂಜಿ ರಕ್ತನಾಳ ಬಿಟ್ಟು ಪಕ್ಕದ ನರಕ್ಕೆ ತಾಗಿತ್ತು.

"ಇಂಥಾ ಕಣ್ಣಿರೋರು ಚುಚ್ಚಿದ್ರೆ ನೋವೇ ಆಗಲ್ಲ ಬಿಡಿ" ಎಂದು ನಿಮಿಷದ ಹಿಂದೆ ತಮಾಷೆ ಮಾಡುತ್ತಿದ್ದವನ ಮುಖ ಈಗ ಬೂದಿಯಂತಾಯಿತು. ಹಣೆಯಲ್ಲಿ ತಣ್ಣನೆಯ ಬೆವರು. ಕುರ್ಚಿಯಿಂದ ಜಾರುತ್ತಿದ್ದವನನ್ನು ಅವಳು ಎರಡೂ ತೋಳುಗಳಿಂದ ಹಿಡಿದು ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಸ್ಟೂಲಿನ ಮೇಲೆ ಎತ್ತಿಟ್ಟಳು.

ಅವನು ಕಣ್ಣು ತೆರೆದಾಗ ಕೇಳಿದಳು, "ಏನು ಕೆಲಸ ಮಾಡ್ತೀರಿ ನೀವು?"

"ಹಾರ್ಪ್ ತಂತಿ ಮೀಟ್ತೀನಿ. ಮದುವೆ ಮನೆಗಳಲ್ಲಿ."

ನಿಮಿಯಾ ಅವನ ಬಲಗೈಯತ್ತ ನೋಡಿದಳು. ಎಡಗೈಯಲ್ಲಿ ನಾಳ ಸಿಗಲಿಲ್ಲವೆಂದು ಬಲಗೈ ಚಾಚಲು ಹೇಳಿದವಳು ಅವಳೇ.

"ಸಾಮಾನ್ಯವಾಗಿ ವಾಸಿಯಾಗುತ್ತೆ," ಎಂದರು ಲ್ಯಾಬಿನ ಡಾಕ್ಟರ್ ಬೆನಿಗ್ನಾ, ಅವನ ಮರಗಟ್ಟಿದ ಬೆರಳುಗಳನ್ನು ಪರೀಕ್ಷಿಸಿ. "ಎಷ್ಟು ದಿನಕ್ಕೆ ಅಂತ ಹೇಳಕ್ಕಾಗಲ್ಲ."

"ಆಗ್ದೇ ಇದ್ರೆ?" ಎಂದಳು ನಿಮಿಯಾ.

ಡಾಕ್ಟರ್ ಅವನ ಬೆರಳುಗಳನ್ನು ಮತ್ತೊಮ್ಮೆ ಮಡಿಸಿ ನೋಡಿದರು.

ಮರುದಿನದಿಂದ ನಿಮಿಯಾ ಸೂಜಿ ಮುಟ್ಟಲಿಲ್ಲ. ಕೇಳಿಕೊಂಡು ಟ್ಯೂಬುಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋದಳು. ಪ್ರತಿ ಗುರುವಾರ ಸಂಜೆ ಮಾತ್ರ ಕ್ರಿಸ್ಪಿನ್‌ನ ಮನೆಗೆ ನಡೆಯುತ್ತಿದ್ದಳು. ಆ ಬೀದಿಗೆ ತಿರುಗುತ್ತಿದ್ದಂತೆ ಮನೆಯೊಳಗಿಂದ ಹಾರ್ಪ್ ಕೇಳಿಸೀತೇ ಎಂದು ಕಿವಿಗೊಡುತ್ತಿದ್ದಳು. ಕೇಳಿಸುತ್ತಿರಲಿಲ್ಲ.

"ಬಂದ್ಲಪ್ಪಾ ಸೊಳ್ಳೆ! ಇವತ್ತು ಯಾರ ರಕ್ತ ಹೀರಿದ್ಯೇ?" ಎಂದು ರೇಗಿಸುತ್ತಲೇ ಅವನ ಚಿಕ್ಕಮ್ಮ ಎಲಾದಿಯಾ ತೆರೆರೆ ಎಂಬ ತಣ್ಣನೆಯ ಎಲೆಪಾನಕ ತುಂಬಿದ ಲೋಟ ಅವಳ ಕೈಗಿಡುತ್ತಿದ್ದಳು.

ಅಂಗಳದ ಮಾವಿನ ಮರದಡಿ ಅವನು ಕಣ್ಣು ಮುಚ್ಚಿ ಕೈ ಚಾಚುತ್ತಿದ್ದ. ಅವಳು ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಸವರುತ್ತಿದ್ದಳು.

"ಇದು ಗೊತ್ತಾಗ್ತಿದ್ಯಾ?"

"ಇಲ್ಲ."

ಆರನೆಯ ಗುರುವಾರ ಮಾತ್ರ ಅವನು ನಗುತ್ತ "ಹೂಂ, ಗೊತ್ತಾಗ್ತಿದೆ" ಎಂದ. ಹೆಬ್ಬೆರಳಿಗೂ ಹೂಂ, ತೋರುಬೆರಳಿಗೂ ಹೂಂ. ಅವನ ರೆಪ್ಪೆಗಳು ಸಣ್ಣಗೆ ಅದುರುತ್ತಿದ್ದವು. ನಿಮಿಯಾ ಅವನ್ನೇ ನೋಡುತ್ತ, ಹತ್ತಿಯನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

"ಇದು?"

"ಹೂಂ. ತೋರುಬೆರಳು."

"ನಾನು ಮುಟ್ಟೇ ಇಲ್ಲ, ಕ್ರಿಸ್ಪಿನ್."

ಅವನು ಕಣ್ಣು ತೆರೆದ. ಅವಳ ಕೆನ್ನೆ ಒದ್ದೆಯಾಗಿತ್ತು.

"ಯಾಕೆ ಸುಳ್ಳು ಹೇಳಿದ್ರಿ? ನಿಮ್ಮ ಕೈ ಹೋಯ್ತು ಅಂತ ನಾನು ಸಾಯ್ತಿದೀನಿ ಇಲ್ಲಿ!"

"ಅದಕ್ಕೇ. ವಾಸಿಯಾಯ್ತು ಅಂದ್ರೆ ನೀವು ಮತ್ತೆ ಸೂಜಿ ಹಿಡೀತೀರಿ ಅಂದ್ಕೊಂಡೆ." ಅವನು ತಲೆ ತಗ್ಗಿಸಿದ. "ಆಮೇಲೆ ಇಲ್ಲಿಗೆ ಬರಲ್ಲ ಅಂತಾನೂ ಗೊತ್ತಿತ್ತು. ಆ ಭಯ ಬೇರೆ. ಕೈ ಹೋಗೋ ಭಯಕ್ಕಿಂತ ಜಾಸ್ತಿ ಅದೇ."

ನಿಮಿಯಾ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅವನು ಲ್ಯಾಬಿಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತ. "ಅವತ್ತು ಕಾಮಾಲೆ ಇಳಿದಿದ್ಯಾ ಅಂತ ನೋಡ್ಸೋಕೆ ಬಂದಿದ್ದೆನಲ್ಲ, ಆ ಟೆಸ್ಟ್ ಇನ್ನೂ ಬಾಕಿ ಇದೆ. ನೀವು ತೆಗೆದ್ರೆ ಮಾತ್ರ."

"ನನ್ನ ಕೈ ನಡುಗ್ತಿದೆ."

"ನಂದೂ."

ಅವಳು ಅವನನ್ನು ಮಂಚದ ಮೇಲೆ ಮಲಗಿಸಿದಳು. ಎಡಗೈಗೆ ಬಿಸಿನೀರಿನ ಬಟ್ಟೆ ಸುತ್ತಿ ಕಾದಳು. ನಾಳ ಮೆಲ್ಲಗೆ ಮೇಲೆದ್ದಿತು. ಬೆರಳ ತುದಿಯಿಂದ ಮೂರು ಸಲ ಒತ್ತಿ ನೋಡಿದಳು. ಉಸಿರು ಬಿಗಿಹಿಡಿದು ಚುಚ್ಚಿದಳು.

"ಕರೆಂಟ್ ಹೊಡೀತಾ? ಜುಮ್ ಅಂತಾ? ಬೇಗ ಹೇಳಿ! ನಿಜ ಹೇಳಿ!"

"ಇಲ್ಲ. ನಿಜವಾಗ್ಲೂ ಇಲ್ಲ."

ಟ್ಯೂಬಿನೊಳಗೆ ಕೆಂಪು ಏರಿತು. ಅವನು ಅದನ್ನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ.

ಬಲಗೈ ಬೆರಳುಗಳಿಗೆ ಸ್ಪರ್ಶ ಮರಳಲು ಇನ್ನೂ ಎರಡು ತಿಂಗಳು ಹಿಡಿಯಿತು. ಆ ಬೆಳಿಗ್ಗೆ ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಸೂಜಿ ತೆಗೆದು ಅವಳು ಹತ್ತಿ ಒತ್ತಿ ಹಿಡಿದಳು. ಐದು ನಿಮಿಷವಾಯಿತು.

"ಇನ್ನೂ ರಕ್ತ ನಿಂತಿಲ್ವಾ?" ಅವನು ಗಾಬರಿಯಿಂದ ಕೇಳಿದ.

"ಆಗ್ಲೇ ನಿಂತಿದೆ," ಎಂದಳು ನಿಮಿಯಾ. ಕೈ ಮಾತ್ರ ತೆಗೆಯಲಿಲ್ಲ.